ಪ್ರೊಸೆಸರ್ ವಿಷಯ ಏನಾಯ್ತು?

ನನ್ನ ಕಂಪ್ಯೂಟರಿನ ಪ್ರೊಸೆಸರ್ ಬದಲಾಯಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೆ ನಾನು ಹದಿನಾಲ್ಕು ತಿಂಗಳು ತೆಗೆದುಕೊಂಡೆ. ಅಷ್ಟರಲ್ಲಿ ಜನ ಹೆಣ್ಣು ನೋಡಿ, ಮದುವೆ ಮಾಡಿಕೊಂಡು, ನಾಮಕರಣಕ್ಕೂ ಕರೆದುಬಿಡುತ್ತಾರೆ. ನನಗೆ ಮದುವೆಯೂ ಆಗಲಿಲ್ಲ, ಹೊಸ ಪ್ರೊಸೆಸರೂ ಬರಲಿಲ್ಲ. ಬಿಸ್ಕತ್ತಿನಷ್ಟು ಅಗಲದ ಒಂದು ಚಿಪ್‌ಗೆ ಇಷ್ಟೊಂದು ಮೀನಮೇಷ ಎಣಿಸಿದವರು ಇಡೀ ಬ್ಯಾಟರಾಯನಪುರದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ನಿಜ ಹೇಳಿಬಿಡುತ್ತೇನೆ. ನನಗೆ ತೀರ್ಮಾನ ಬೇಕಾಗಿರಲಿಲ್ಲ. ಪ್ರತಿ ಶನಿವಾರ ಸಂಜೆ ಆರು ಗಂಟೆಗೆ ನನ್ನ ಗೆಳೆಯ ಮಾಕಳಿಯಿಂದ ಫೋನ್ ಮಾಡುತ್ತಿದ್ದ. ಎತ್ತಿದ ಕೂಡಲೇ ಅವನ ಮೊದಲ ಪ್ರಶ್ನೆ, "ಪ್ರೊಸೆಸರ್ ವಿಷ್ಯ ಏನಾಯ್ತು ಮಗಾ?" ಅಲ್ಲಿಂದ ಮುಕ್ಕಾಲು ಗಂಟೆ ಮಾತು. ನಾನು ಆಗ ಯಲಹಂಕದ ಒಂದು ಪಿಯು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕ. ಶನಿವಾರ ಮಧ್ಯಾಹ್ನ ಲ್ಯಾಬಿಗೆ ಬೀಗ ಹಾಕಿದರೆ ಸೋಮವಾರ ಬೆಳಿಗ್ಗೆಯವರೆಗೆ ನನ್ನ ಬಾಯಿಂದ ಬರುತ್ತಿದ್ದುದು ಹಾಲಿನ ಬೂತಿನಲ್ಲಿ "ಒಂದು ನೀಲಿ ಪ್ಯಾಕೆಟ್" ಎನ್ನುವ ಮಾತು ಮತ್ತು ಈ ಫೋನಿನ ಮಾತು, ಎರಡೇ. ತೀರ್ಮಾನ ಮಾಡಿಬಿಟ್ಟರೆ ನೀಲಿ ಪ್ಯಾಕೆಟ್ ಒಂದೇ ಉಳಿಯುತ್ತಿತ್ತು.

ಆ ಕಂಪ್ಯೂಟರು ಬಂದದ್ದು 2009ರಲ್ಲಿ. ಡಿಪ್ಲೊಮಾದಲ್ಲಿ ಒಂದೇ ಬೆಂಚಿನಲ್ಲಿ ಕುಳಿತ ನಾನು ಮತ್ತು ಈ ಗೆಳೆಯ ಎಸ್.ಪಿ. ರೋಡಿನಲ್ಲಿ ಒಂದು ಇಡೀ ದಿನ ಅಂಗಡಿಯಿಂದ ಅಂಗಡಿಗೆ ಅಲೆದು, ಆಟಕ್ಕೆಂದೇ ಜೋಡಿಸಿಕೊಂಡದ್ದು. ಅವನ ಮನೆ ಆರ್.ಟಿ. ನಗರದಲ್ಲಿತ್ತು. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಚೌಕಾಸಿಗೆ ತಮಿಳು. ನನಗೆ ಒಂದು ಭಾಷೆಯಲ್ಲೂ ಚೌಕಾಸಿ ಮಾಡಲು ಬರುತ್ತಿರಲಿಲ್ಲ, ಹಾಗಾಗಿ ಅವನು ಮಾತಾಡಿದ, ನಾನು ಚೀಲ ಹಿಡಿದುಕೊಂಡು ನಿಂತೆ. ಅಂಗಡಿಯವನು ಎಲ್ಲ ಜೋಡಿಸಿ, ಕ್ಯಾಬಿನೆಟ್ಟಿನ ಬಾಗಿಲಿಗೆ ಅಡ್ಡಲಾಗಿ ಒಂದು ಕಾಗದದ ಸೀಲು ಅಂಟಿಸಿ, "ಇದು ಹರಿದ್ರೆ ವಾರಂಟಿ ಇಲ್ಲ" ಎಂದು ಗದರಿಸಿ ಕಳಿಸಿದ. ಆಟೋದಲ್ಲಿ ಕ್ಯಾಬಿನೆಟ್ಟು ನನ್ನ ತೊಡೆಯ ಮೇಲೆ, ಮಾನಿಟರು ಅವನ ತೊಡೆಯ ಮೇಲೆ. ಮೇಖ್ರಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಅವನು ಪೆಟ್ಟಿಗೆಯ ಮೇಲೆ ಬೆರಳಾಡಿಸುತ್ತ ಆಗಲೇ ಆಡತೊಡಗಿದ್ದ.

ನಂತರದ ನಾಲ್ಕು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ಅವನ ಬೈಕು ನಮ್ಮ ಗೇಟಿನ ಮುಂದೆ. ಒಂದೇ ಕೀಬೋರ್ಡು, ಎಡಗಡೆಯ ಅಕ್ಷರಗಳು ನನ್ನವು, ಬಲಗಡೆಯ ಬಾಣದ ಗುರುತುಗಳು ಅವನವು. ಕಾರು ಓಡಿಸುತ್ತಿದ್ದೆವು, ಫುಟ್‌ಬಾಲ್ ಆಡುತ್ತಿದ್ದೆವು. ಅವನು ಸೋತರೆ ಮೊಣಕೈಯಲ್ಲಿ ನನ್ನ ಪಕ್ಕೆಗೆ ತಿವಿಯುತ್ತಿದ್ದ. ಆ ತಿವಿತದ ಜಾಗ ಈಗಲೂ ತೋರಿಸಬಲ್ಲೆ.

ಅಪ್ಪನ ವಿಷಯ ಹೇಳದೆ ಈ ಕಂಪ್ಯೂಟರಿನ ಕಥೆ ಮುಂದಕ್ಕೆ ಹೋಗುವುದಿಲ್ಲ. ಅಮ್ಮ ನಾನು ಹೈಸ್ಕೂಲಿನಲ್ಲಿದ್ದಾಗಲೇ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ ಗಂಡಸರು, ಇಬ್ಬರೂ ಮಾತು ಕಮ್ಮಿ. ಅಪ್ಪ ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಲೇತ್ ಮಿಷನ್ ನಡೆಸಿ ನಿವೃತ್ತನಾದವನು. ಕಂಪ್ಯೂಟರಿನ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. "ಪರದೆ ಮ್ಯಾಲೆ ಕಾರ್ ಓಡ್ಸೋಕೆ ಡಿಪ್ಲೊಮಾ ಓದ್ಬೇಕಿತ್ತೇನ್ಲಾ?" ಎಂದು ನಡುಮನೆಯಿಂದಲೇ ಕೇಳುತ್ತಿದ್ದ. ನಾನು ಉತ್ತರ ಕೊಡುತ್ತಿರಲಿಲ್ಲ. ನಮ್ಮ ಸಂಭಾಷಣೆಯೆಂದರೆ ಹೆಚ್ಚುಕಮ್ಮಿ ಅಷ್ಟೇ.

ಆದರೆ ಆಯುಧಪೂಜೆಯ ದಿನ ಅಪ್ಪ ಬೇರೆಯೇ ಮನುಷ್ಯ. ಬೆಳಿಗ್ಗೆ ಎದ್ದು ತನ್ನ ಹಳೆಯ ಸ್ಪ್ಯಾನರುಗಳು, ಸುತ್ತಿಗೆ, ಅಳತೆಯ ಕಡ್ಡಿ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಪಂಚೆಯಲ್ಲಿ ಒರೆಸಿ ಸಾಲಾಗಿ ಇಡುತ್ತಿದ್ದ. ಅದಾದ ಮೇಲೆ ಕಂಪ್ಯೂಟರಿನ ಪಾಳಿ. ಅವನು ಬೈಯುವ ಅದೇ ಕಂಪ್ಯೂಟರಿಗೆ ಎಲ್ಲದಕ್ಕಿಂತ ದೊಡ್ಡ ಹೂವಿನ ಹಾರ. ಮೊದಲ ವರ್ಷ ನಾನು ಅದನ್ನು ಆಫ್ ಮಾಡಿ, ಪ್ಲಗ್ಗು ಕಿತ್ತು, ಪೂಜೆಗೆ ಅಣಿ ಮಾಡಿದ್ದೆ. ಅಪ್ಪನಿಗೆ ರೇಗಿತು.

"ಆನ್ ಮಾಡ್ಲಾ. ಪೂಜೆ ಅಂದ್ಮೇಕೆ ಮಿಷನ್ನು ಒಂದ್ ಸುತ್ತು ತಿರುಗ್ಬೇಕು. ಇಂಗೆ ಸುಮ್ಕೆ ನಿಂತಿರೋದಕ್ಕೆ ಪೂಜೆ ಮಾಡಿ ಏನ್ ಬಂತು?"

ಕಾರ್ಖಾನೆಯಲ್ಲಿ ಪೂಜೆಯಾದ ಮೇಲೆ ಪ್ರತಿಯೊಂದು ಮಿಷನ್ನನ್ನೂ ಒಂದು ಗಳಿಗೆ ಓಡಿಸಿ ನಿಲ್ಲಿಸುವುದು ಪದ್ಧತಿ. ಸರಿ, ಆನ್ ಮಾಡಿದೆ. ಅಪ್ಪ ಕ್ಯಾಬಿನೆಟ್ಟಿನ ಸುತ್ತ ಒಮ್ಮೆ ನೋಡಿದ. ಮುಂಭಾಗ ಅವನಿಗೆ ಹಿಡಿಸಲಿಲ್ಲ. ಪಕ್ಕದ ಬಾಗಿಲಿನಲ್ಲಿ, ಒಳಗಿನ ಫ್ಯಾನು ಗಾಳಿ ಎಳೆದುಕೊಳ್ಳುವ ಜಾಲರಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. "ತಿರುಗೋದೇ ಮಿಷನ್ನು. ಮಿಕ್ಕಿದ್ದೆಲ್ಲ ಡಬ್ಬ" ಎಂದು ಹೇಳಿ ಆ ಜಾಲರಿಗೇ ವಿಭೂತಿ ಬಳಿದು, ಮೇಲೆ ಅರಿಶಿನ ಕುಂಕುಮ ಇಟ್ಟು, ಕಣ್ಣು ಮುಚ್ಚಿ ಅಕ್ಷತೆ ಎರಚಿದ. ಸೀಲಿನ ಕಾಗದದ ಮೇಲೂ ಒಂದು ಬೊಟ್ಟು ಬಿತ್ತು. ಆಚೆ ನಿಂತಿದ್ದ ಗೆಳೆಯನ ಬೈಕಿಗೂ ಕುಂಕುಮ ಹೋಯಿತು. "ಹಾಕಿ ಅಂಕಲ್, ಜಾಸ್ತಿನೇ ಹಾಕಿ, ಬ್ರೇಕ್ ಬೇರೆ ಸರಿಯಿಲ್ಲ" ಎಂದ ಅವನು, ಬಾಯಿ ತುಂಬ ಕಡಲೆಕಾಳಿನ ಉಸಲಿ ತುಂಬಿಕೊಂಡು.

ಮಾರನೆಯ ದಿನ ನೋಡಿದರೆ ಜಾಲರಿಯ ಮೇಲಿನ ಕುಂಕುಮ ಅರ್ಧಕ್ಕರ್ಧ ಇರಲಿಲ್ಲ. ಅಪ್ಪ ನನ್ನನ್ನು ಕರೆದು ತೋರಿಸಿದ. "ನೋಡ್ಲಾ, ತಗಂಡೈತೆ." ಅವನ ಮುಖದಲ್ಲಿ ಅಂಥ ಖುಷಿಯನ್ನು ನಾನು ಕಂಡದ್ದು ಅಪರೂಪ. ಆಮೇಲೆ ಪ್ರತಿ ವರ್ಷ ಅದೇ ಪೂಜೆ, ಮಾರನೆಯ ದಿನ ಅದೇ ಮಾತು. ನಾವಿಬ್ಬರೂ ಒಟ್ಟಿಗೆ ಬಾಗಿ ಒಂದೇ ವಸ್ತುವನ್ನು ನೋಡುತ್ತಿದ್ದುದು ವರ್ಷಕ್ಕೆ ಆ ಒಂದು ಬೆಳಿಗ್ಗೆ.

ಗೆಳೆಯ ಮದುವೆಯಾಗಿ, ತುಮಕೂರು ರಸ್ತೆಯಲ್ಲಿ ಟೈಲ್ಸ್ ಅಂಗಡಿ ಹಾಕಿ, ಮಾಕಳಿಗೆ ಮನೆ ಬದಲಾಯಿಸಿದ. ಹೇಳಿಕೊಳ್ಳುವುದಕ್ಕೆ ಅದೂ ಬೆಂಗಳೂರೇ. ಆದರೆ ಹೆಬ್ಬಾಳದ ಫ್ಲೈಓವರನ್ನೂ ಗೊರಗುಂಟೆಪಾಳ್ಯವನ್ನೂ ದಾಟಿ ಭಾನುವಾರ ಆಟ ಆಡಲು ಬರುವಷ್ಟು ಹುಚ್ಚು ಸಂಸಾರಸ್ಥರಿಗೆ ಇರುವುದಿಲ್ಲ. ಅವನೂ ಒಂದು ಕಂಪ್ಯೂಟರು ಕೊಂಡ, ಇಂಟರ್‌ನೆಟ್ಟಿನಲ್ಲಿ ಆಡತೊಡಗಿದೆವು. ಕಿವಿಗೆ ಹೆಡ್‌ಫೋನು, ಆ ಕಡೆಯಿಂದ ಅವನ ಬೈಗುಳ, ಹಿಂದಿನಿಂದ ಅವನ ಮನೆಯ ಪಾತ್ರೆಯ ಸದ್ದು. ಪಕ್ಕೆಗೆ ತಿವಿತವೊಂದು ಇಲ್ಲ, ಮಿಕ್ಕಂತೆ ಪರವಾಗಿಲ್ಲ ಎಂದುಕೊಂಡಿದ್ದೆ.

2016ರಲ್ಲಿ ಅಪ್ಪ ಹೋದ. ಮೂರು ದಿನದ ಜ್ವರ, ನಾಲ್ಕನೆಯ ದಿನ ಇಲ್ಲ. ಅದೇ ವರ್ಷ ಕಂಪ್ಯೂಟರೂ ಮುಗ್ಗರಿಸತೊಡಗಿತು. ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಚಿತ್ರ ತಡೆತಡೆದು ಬರುವುದು, ಆಮೇಲೆ ನಿಂತೇಬಿಡುವುದು. ಗೆಳೆಯ ಓಡುತ್ತಿರುತ್ತಿದ್ದ, ನಾನು ಬಯಲಿನಲ್ಲಿ ಒಂದು ಕಾಲೆತ್ತಿ ನಿಂತುಬಿಟ್ಟಿರುತ್ತಿದ್ದೆ. "ಎಲ್ಲಿದ್ಯೋ? ಬಾರೋ!" ಎಂದು ಅವನು ಕೂಗುವುದು ಮಾತ್ರ ಕೇಳಿಸುತ್ತಿತ್ತು. ಕೆಲವು ತಿಂಗಳು ಹೀಗೆ ನಡೆದು ನನಗೇ ನಾಚಿಕೆಯಾಗಿ ಆಡುವುದನ್ನು ಬಿಟ್ಟೆ. ಕಾರಣ ಅವನಿಗೆ ಹೇಳಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ, ತಪಾಸಣೆ ಎಂದು ಏನೇನೋ ಒದರಿದೆ. ನನ್ನದು ಅಂಥ ಸ್ವಭಾವ. ಹರಿದ ಚಪ್ಪಲಿಯನ್ನು ಮುಚ್ಚಿಡುವುದಕ್ಕೆ ಹಬ್ಬಕ್ಕೇ ಹೋಗದೆ ಇರುವ ಜಾತಿ.

ಒಂದೆರಡು ವರ್ಷ ನಮ್ಮ ನಡುವೆ ಹಬ್ಬಕ್ಕೊಂದು ಮೆಸೇಜು ಬಿಟ್ಟರೆ ಏನೂ ಇರಲಿಲ್ಲ. ಆ ದಿನಗಳಲ್ಲಿ ಮನೆ ನನ್ನನ್ನು ಬಹಳ ಹೆದರಿಸಿತು. ಅನ್ನಕ್ಕಿಟ್ಟ ಕುಕ್ಕರಿನ ಸೀಟಿ ಬಿಟ್ಟರೆ ಇನ್ನೊಂದು ಸದ್ದಿಲ್ಲ. ಅಪ್ಪನ ಬೈಗುಳಕ್ಕೆ ಉತ್ತರ ಕೊಡದೆ ಉಳಿಸಿಕೊಂಡ ಮಾತುಗಳೆಲ್ಲ ಈಗ ಯಾರಿಗೆ? ಸಂಜೆ ಅಲ್ಲಾಳಸಂದ್ರದ ಕೆರೆಯ ಸುತ್ತ ನಡೆಯಲು ಹೋಗಿ, ಎದುರಾದವರು ನಗಬಹುದೇನೋ ಎಂದು ಮುಖ ಎತ್ತಿಕೊಂಡು ನಡೆಯುತ್ತಿದ್ದೆ. ಯಾರೂ ನಗಲಿಲ್ಲ. ಬೆಳಗಿನಿಂದ ಸುಮ್ಮನಿದ್ದು ಗಂಟಿಕ್ಕಿಕೊಂಡ ನನ್ನ ಹುಬ್ಬನ್ನು ನೋಡಿ ನಗುವ ಧೈರ್ಯ ಅವರಿಗಾದರೂ ಎಲ್ಲಿಂದ ಬರಬೇಕು.

2018ರ ಒಂದು ಶನಿವಾರ ತಾಳಲಾರದೆ ನಾನೇ ಫೋನ್ ಮಾಡಿದೆ. ಸುಮ್ಮನೆ ಮಾಡಿದೆ ಎನ್ನಲು ಬಾಯಿ ಬರಲಿಲ್ಲ. "ನನ್ನ ಕಂಪ್ಯೂಟರ್ ತುಂಬ ನಿಧಾನ ಆಗಿದೆ ಕಣೋ. ಪ್ರೊಸೆಸರ್ ಚೇಂಜ್ ಮಾಡ್ಬೇಕಾ ಅಂತ" ಎಂದೆ. ಆ ಕಡೆ ಅವನ ದನಿಯೇ ಎದ್ದು ಕುಳಿತಿತು. "ಅರೆ, ಮೊದ್ಲೇ ಹೇಳ್ಬಾರ್ದಾ! ಇರು, ನಾನು ನೋಡಿ ಹೇಳ್ತೀನಿ. ಅರ್ಜೆಂಟ್ ಮಾಡಿ ಏನೂ ತಗೋಬೇಡ." ಮುಂದಿನ ಶನಿವಾರ ಆರು ಗಂಟೆಗೆ ಅವನೇ ಫೋನ್ ಮಾಡಿದ. ಹಾಗೆ ಶುರುವಾಯಿತು.

ಎಷ್ಟು ಮಾತಾಡಿದೆವು! ಪ್ರೊಸೆಸರ್ ಬದಲಾಯಿಸಿದರೆ ಅದು ಕೂರುವ ಬೋರ್ಡನ್ನೂ ಬದಲಾಯಿಸಬೇಕು, ಬೋರ್ಡು ಬದಲಾಯಿಸಿದರೆ ಹಳೆಯ ಮೆಮೊರಿ ಹೊಂದುವುದಿಲ್ಲ. "ಸೊಸೆ ಒಬ್ಳೇ ಬರಲ್ಲ ಮಗಾ, ತವರಿನೋರ್ನೆಲ್ಲ ಕರ್ಕೊಂಡೇ ಬರ್ತಾಳೆ" ಎಂದ ಅವನು. ನಾಲ್ಕು ಕೋರಿನ ಪ್ರೊಸೆಸರ್ ಸಾಕು ಎಂದು ಒಂದು ವಾರ ಒಪ್ಪಿದರೆ ಮರುವಾರ ಆರು ಕೋರಿನದೇ ಆಗಬೇಕು ಎನ್ನುತ್ತಿದ್ದ. ದಸರಾ ಆಗಲಿ, ಯುಗಾದಿ ಆಗಲಿ, ಹೊಸ ಮಾಡಲ್ ಬರುತ್ತಂತೆ ಎನ್ನುತ್ತಿದ್ದೆ ನಾನು. ಹೊಸದು ಬಂದ ಮೇಲೆ ಅದರಲ್ಲಿ ಐಬು ಹುಡುಕುವ ಕೆಲಸ ಅವನದು. ನಡುನಡುವೆ ಅವನ ಮಗಳ ಹಲ್ಲು, ಅಂಗಡಿಯಲ್ಲಿ ಒಡೆದ ಟೈಲು, ನನ್ನ ಲ್ಯಾಬಿನ ಕೆಟ್ಟ ಮೀಟರು ಎಲ್ಲವೂ ಬಂದು ಹೋಗುತ್ತಿದ್ದವು. "ನಿಂದು ರೆಡಿಯಾಗ್ಲಿ, ಭಾನುವಾರ ಬೆಳಿಗ್ಗೆ ಮತ್ತೆ ಹೊಡಿಯೋಣ" ಎಂದು ಅವನು ಫೋನ್ ಇಡುತ್ತಿದ್ದ. ಆಗ ನನಗೆ ಕಳ್ಳನ ಹಾಗೆ ಅನಿಸುತ್ತಿತ್ತು. ಪಾಪ, ಅವನು ಅಲ್ಲಿ ಆಟ ಹಾಕಿಕೊಂಡು ನನಗಾಗಿ ಕಾಯುತ್ತಿದ್ದಾನೆ, ನಾನು ಇಲ್ಲಿ ಒಂದು ಫೋನಿನ ಆಸೆಗೆ ಅವನನ್ನು ಆಟವಾಡಿಸುತ್ತಿದ್ದೇನೆ ಎಂದು.

2019ರ ದಸರಾ ಹತ್ತಿರ ಬಂದಾಗ ಕಂಪ್ಯೂಟರು ನನ್ನ ಕೈ ಬಿಟ್ಟಿತು. ಆನ್ ಮಾಡಿದ ಐದೇ ನಿಮಿಷಕ್ಕೆ ಕೀಂ ಎಂದು ಕೂಗಿ ತಾನಾಗಿ ಆಫ್ ಆಗುತ್ತಿತ್ತು. ಇನ್ನು ಮುಂದೂಡಲು ದಾರಿಯಿರಲಿಲ್ಲ. ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಯಲಹಂಕ ನ್ಯೂಟೌನಿನ ಒಂದು ರಿಪೇರಿ ಅಂಗಡಿಗೆ ಒಯ್ದೆ. ನಡುವಯಸ್ಸಿನ ಹೆಂಗಸೊಬ್ಬರು ನಡೆಸುವ ಅಂಗಡಿ. "ಪ್ರೊಸೆಸರ್ ಹಳೇದು, ಬದಲಾಯಿಸಬೇಕು" ಎಂದು ನಾನೇ ತೀರ್ಪು ಕೊಟ್ಟೆ. ಹದಿನಾಲ್ಕು ತಿಂಗಳ ಪಾಂಡಿತ್ಯ ಸುಮ್ಮನಿರುತ್ತದೆಯೇ.

"ಇದುವರೆಗೂ ಬಿಚ್ಚೇ ಇಲ್ವಾ ಸರ್?" ಎಂದು ಆಕೆ ಬಾಗಿಲಿನ ಸೀಲು ಮುಟ್ಟಿ ಕೇಳಿದರು. ವಾರಂಟಿ ಮುಗಿದು ಎಷ್ಟೋ ವರ್ಷವಾಗಿತ್ತು. ಆದರೆ ಸೀಲಿನ ಮೇಲೆ ಅಪ್ಪ ಇಟ್ಟ ಬೊಟ್ಟಿತ್ತು, ಹರಿಯಲು ಕೈ ಬಂದಿರಲಿಲ್ಲ. ಕಾಲೇಜಿನ ಮೀಟರುಗಳಿಗೆ ಒಂದು ಕಣ ಧೂಳು ಬಿದ್ದರೂ ಹುಡುಗರ ಮೇಲೆ ಹಾರಾಡುವ ನಾನು ಮನೆಯ ಕಂಪ್ಯೂಟರಿನ ಒಳಗೆ ಹತ್ತು ವರ್ಷ ಇಣುಕಿ ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ನನ್ನಂಥವರನ್ನು ನೋಡಿಯೇ.

ಆಕೆ ಸೀಲು ಹರಿದು ಬಾಗಿಲು ತೆಗೆದು, ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಪ್ರೊಸೆಸರಿನ ಮೇಲೆ ಅದರ ಬಿಸಿಯನ್ನು ಆಚೆ ಹಾಕುವ ಒಂದು ಲೋಹದ ದಿಮ್ಮಿ ಇರುತ್ತದೆ, ಬಾಚಣಿಗೆಯ ಹಲ್ಲುಗಳ ಹಾಗೆ ಸಂದುಸಂದು. ಆ ಸಂದೆಲ್ಲ ಕೆಂಪು. ಧೂಳಿನ ಜೊತೆ ಕಲೆತು ಗಟ್ಟಿಯಾದ ಕುಂಕುಮ, ನಡುನಡುವೆ ವಿಭೂತಿಯ ಬಿಳಿ ಗೆರೆ.

"ನಿಮ್ಮನೇಲಿ ಆಯುಧಪೂಜೆ ಜೋರು ಅನ್ಸುತ್ತೆ" ಎಂದು ನಕ್ಕರು. "ಪ್ರೊಸೆಸರ್ ಚೆನ್ನಾಗೇ ಇರುತ್ತೆ ಸರ್. ಬಿಸಿ ಆಚೆ ಹೋಗೋಕೆ ದಾರಿನೇ ಇಲ್ಲ, ಅದಕ್ಕೆ ನಿಂತೋಗ್ತಿದೆ. ಕ್ಲೀನ್ ಮಾಡಿ, ಬಿಸಿ ಎಳ್ಕೊಳ್ಳೋ ಪೇಸ್ಟ್ ಹೊಸದಾಗಿ ಹಾಕಿದ್ರೆ ಸಾಕು."

"ಅದನ್ನ ಹಾಗೇ ಬಿಡೋಕೆ ಆಗುತ್ತಾ?" ಎಂದು ಕೇಳಿದೆ. ಎಂಥ ಮೂರ್ಖ ಪ್ರಶ್ನೆ ಎಂದು ಕೇಳುವಾಗಲೇ ಗೊತ್ತಿತ್ತು.

"ಬಿಟ್ರೆ ಸುಟ್ಟೋಗುತ್ತೆ ಸರ್."

ಚಿಮಟದಿಂದ ಆಕೆ ಸಂದಿನಿಂದ ಏನನ್ನೋ ಎಳೆದು ನನ್ನ ಅಂಗೈಗೆ ಹಾಕಿದರು. ಅಕ್ಷತೆಯ ಒಂದು ಕಾಳು, ಇನ್ನೂ ಹಳದಿ. ಆಮೇಲೆ ದಿಮ್ಮಿಯನ್ನು ಬಾಗಿಲ ಬಳಿ ಒಯ್ದು ಬ್ಲೋವರ್ ಹಿಡಿದರು. ಕೆಂಪು ಪುಡಿ ಫುಟ್‌ಪಾತಿನ ಮೇಲೆಲ್ಲ ಹಾರಿತು, ನನ್ನ ಬಿಳಿ ಅಂಗಿಯ ಮೇಲೂ ಬಂತು. 'ನೋಡ್ಲಾ, ತಗಂಡೈತೆ' ಎಂದ ಅಪ್ಪನ ಮುಖ ಕಣ್ಣ ಮುಂದೆ ನಿಂತಿತು. ಅವನು ಮೆಚ್ಚಿಕೊಂಡು ಕೊಟ್ಟದ್ದನ್ನೆಲ್ಲ ಕಂಪ್ಯೂಟರು ನಿಜವಾಗಿಯೂ ಒಳಗೆ ತೆಗೆದುಕೊಂಡು, ಅದನ್ನೇ ಹೊತ್ತುಕೊಂಡು ಏದುಸಿರು ಬಿಡುತ್ತಿತ್ತು. ಹೆಬ್ಬಾಳದ ಚಿತಾಗಾರದಲ್ಲಿ ಒದ್ದೆಯಾಗದ ಕಣ್ಣು ಆ ಫುಟ್‌ಪಾತಿನಲ್ಲಿ ಒದ್ದೆಯಾಯಿತು. ಧೂಳು ಬಿತ್ತೇನೋ ಎಂದು ಆಕೆ ಒಂದು ಲೋಟ ನೀರು ಕೊಟ್ಟರು. ಆ ಅಕ್ಷತೆಯ ಕಾಳನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದೆ. ಮರೆತು, ಅಂಗಿಯ ಜೊತೆ ಅದೂ ಒಗೆತಕ್ಕೆ ಹೋಯಿತು.

ಮನೆಗೆ ತಂದು ಹಾಕಿದರೆ ಕಂಪ್ಯೂಟರು ಮೊದಲಿನಂತೆ ಓಡಿತು. ಎರಡು ಗಂಟೆ ಆಡಿದೆ, ಒಮ್ಮೆಯೂ ಮುಗ್ಗರಿಸಲಿಲ್ಲ. ಅಲ್ಲಿಗೆ ಪ್ರೊಸೆಸರಿನ ವಿಷಯ ಮುಗಿಯಿತು. ಇದನ್ನು ಫೋನಿನಲ್ಲಿ ಹೇಳಿ ಮುಗಿಸಲು ಮನಸ್ಸು ಒಪ್ಪಲಿಲ್ಲ. ಇಷ್ಟು ದಿನ ಕಾಯಿಸಿದ್ದಕ್ಕೆ ಎದುರಿಗೇ ಹೋಗಿ ತಪ್ಪೊಪ್ಪಿಕೊಳ್ಳೋಣ, ಆಮೇಲೆ ಅವನ ಕಂಪ್ಯೂಟರಿನಲ್ಲೇ ಹಳೆಯ ಹಾಗೆ ಒಂದು ಕೀಬೋರ್ಡಿನಲ್ಲಿ ಒಂದು ಆಟ ಆಡಿ ಬರೋಣ ಎಂದು ಭಾನುವಾರ ಹೇಳದೆ ಕೇಳದೆ ಹೊರಟೆ. ಯಶವಂತಪುರದವರೆಗೆ ಬಸ್ಸು, ನಾಗಸಂದ್ರದವರೆಗೆ ಮೆಟ್ರೊ, ಮತ್ತೆ ಬಸ್ಸು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಗೆಳೆಯ ಮನೆಯಲ್ಲಿರಲಿಲ್ಲ. ಯಾರದೋ ಮನೆಯ ಟೈಲ್ಸ್ ಅಳತೆಗೆ ನೆಲಮಂಗಲಕ್ಕೆ ಹೋಗಿದ್ದ. ಅವನ ಹೆಂಡತಿ, "ಬನ್ನಿ ಭಾಯ್, ಒಳಗ್ ಬನ್ನಿ, ಎಷ್ಟ್ ವರ್ಷ ಆಯ್ತು" ಎಂದು ಕೂರಿಸಿ ಚಹಾ ತಂದುಕೊಟ್ಟರು. ಕಿಟಕಿಯ ಪಕ್ಕದಲ್ಲಿ ಕಂಪ್ಯೂಟರಿನ ಮೇಜು ನನಗೆ ಗುರುತಿತ್ತು. ಅದರ ಮೇಲೆ ಹೊಲಿಗೆ ಯಂತ್ರ ಕೂತಿತ್ತು.

"ಕಂಪ್ಯೂಟರ್ ಒಳಗಿಟ್ಟಿದೀರಾ?" ಎಂದೆ.

"ಅದೆಲ್ಲಿ ಭಾಯ್, ಕೊಟ್ಟು ಎರಡು ವರ್ಷದ ಮೇಲಾಯ್ತು, ನಮ್ಮ ತಮ್ಮಂಗೆ. ನೀವು ಆಟಕ್ಕೆ ಬರೋದು ಬಿಟ್ಮೇಲೆ ಸ್ವಲ್ಪ ದಿನ ಸುಮ್ನೆ ಅದ್ರ ಮುಂದೆ ಕೂತ್ಕೋತಿದ್ರು. ಒಬ್ನೇ ಏನ್ ಆಡ್ಲಿ ಅಂತ ಕೊಟ್ಬಿಟ್ರು." ಆಕೆ ನಕ್ಕು ಮುಂದುವರಿಸಿದರು. "ಆದ್ರೂ ಶುಕ್ರವಾರ ಆದ್ರೆ ಮೊಬೈಲಲ್ಲಿ ಅದೇನೋ ಪ್ರೊಸೆಸರ್ ಅಂತ ಓದ್ತಾ ಕೂತಿರ್ತಾರೆ. ನಾಳೆ ಅವನು ಕೇಳ್ತಾನೆ ಅಂತಾರೆ."

ಚಹಾ ಹೇಗೆ ಕುಡಿದೆನೋ. ಊಟಕ್ಕೆ ಇರಿ ಎಂದು ಎಷ್ಟು ಹೇಳಿದರೂ, ಕೆಲಸವಿದೆ ಎಂದು ಸುಳ್ಳು ಹೇಳಿ ಎದ್ದುಬಂದೆ. ತುಮಕೂರು ರಸ್ತೆಯ ಬಸ್ ಸ್ಟಾಪಿನಲ್ಲಿ ಮೂರು ಬಸ್ಸು ಬಿಟ್ಟೆ. ನನಗಾಗಿ ಆಟ ಹಾಕಿಕೊಂಡು ಅವನು ಕಾಯುತ್ತಿರಲಿಲ್ಲ. ನಾನು ಹೇಳದೆ ಕೇಳದೆ ಬಿಟ್ಟುಹೋದ ಜಾಗದಲ್ಲಿ ಒಬ್ಬನೇ ಕೂತು ಸಾಕಾಗಿ ಎದ್ದುಹೋಗಿದ್ದ. ನನ್ನ ನಾಚಿಕೆಗೆ ಅವನ ಕಂಪ್ಯೂಟರು ಹೋಯಿತು. ಬರೀ ನಿಧಾನ ಆಗಿದೆ ಕಣೋ ಎಂದು ಅಂದೇ ಹೇಳಿದ್ದರೆ ಆಗುತ್ತಿತ್ತಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಮುಂದಿನ ಶನಿವಾರ ಐದೂವರೆಗೇ ಫೋನ್ ಮುಂದೆ ಕೂತೆ. ಹೆಂಡತಿ ಹೇಳಿಯೇ ಇರುತ್ತಾರೆ. ನಾನು ಆ ಮೇಜು ನೋಡಿದ್ದು ಅವನಿಗೆ ಗೊತ್ತಾದ ಮೇಲೆ ಇನ್ನು ಯಾವ ನೆಪ? ಆರು ಗಂಟೆಯಾಯಿತು. ಆರೂ ಹತ್ತು. ಫೋನ್ ಬರಲಿಲ್ಲ. ಎದುರಿಗೆ ಕಂಪ್ಯೂಟರು ಎಂದೂ ಇಲ್ಲದಷ್ಟು ಹಗುರಾಗಿ ಓಡುತ್ತಿತ್ತು. ಅದನ್ನು ನೋಡಿ ಸಿಟ್ಟು ಬಂತು. ಆರೂ ಇಪ್ಪತ್ತಕ್ಕೆ ಫೋನ್ ಬಡಿದುಕೊಂಡಿತು.

"ಊಟ ಮಾಡ್ದೇ ಹೋದ್ಯಂತೆ" ಎಂದ.

"ಕೆಲಸ ಇತ್ತು ಕಣೋ."

ಅವನ ಮನೆಯ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ನನ್ನ ಕಂಪ್ಯೂಟರಿನ ಫ್ಯಾನಿನ ಸದ್ದು ಅವನಿಗೂ ಕೇಳುತ್ತಿದೆಯೋ ಏನೋ ಎಂದು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಮತ್ತೆ," ಎಂದ ಕೊನೆಗೆ. "ಪ್ರೊಸೆಸರ್ ವಿಷ್ಯ ಏನಾಯ್ತು ಮಗಾ?"

"ಇನ್ನೂ ಯೋಚ್ನೆ ಮಾಡ್ತಾ ಇದೀನಿ."

"ಮಾಡು ಮಾಡು," ಎಂದ. "ಅರ್ಜೆಂಟೇನಿಲ್ಲ."